ಘಟಪ್ರಭೆಯ ದಂಡೆಗುಂಟ ಬ್ಯಾಟರಿ ಸೈಕಲ್

ಗೋಕಾಕ ನೋಡಲು ಬರುವವರು ಬಹಳ ಮಂದಿ ಕಾರಿನಲ್ಲಿ ನೇರ ಫಾಲ್ಸಿಗೆ ಹೋಗುತ್ತಾರೆ. ಫೋಟೋ ತೆಗೆದುಕೊಂಡು, ಪೇಟೆಯಲ್ಲಿ ಎರಡು ಕಿಲೋ ಕರದಂಟು ಕಟ್ಟಿಸಿಕೊಂಡು ಬೆಳಗಾವಿಯ ದಾರಿ ಹಿಡಿಯುತ್ತಾರೆ. ಈ ಊರಿಗೆ ಅನ್ನ, ನೂಲು, ಬೆಳಕು ಎಲ್ಲವನ್ನೂ ಕೊಟ್ಟ ಹೊಳೆ ಅವರಿಗೆ ಧುಮ್ಮಿಕ್ಕುವ ಒಂದು ಜಾಗದಲ್ಲಿ ಮಾತ್ರ ಕಾಣುತ್ತದೆ. ಅದರ ಹಿಂದಿನ ಹರಿವು, ಮುಂದಿನ ಹರಿವು ಎರಡೂ ಕಣ್ಣಿಗೆ ಬೀಳುವುದಿಲ್ಲ. ಘಟಪ್ರಭೆಯನ್ನು ದಂಡೆಗುಂಟ ನೋಡಬೇಕೆಂದರೆ ಬ್ಯಾಟರಿ ಸೈಕಲ್ಲಿಗಿಂತ ಒಳ್ಳೆಯ ವಾಹನ ನನಗೆ ಸಿಕ್ಕಿಲ್ಲ.

ಇದು ಸ್ಕೂಟರ್ ಅಲ್ಲ. ಪೆಡಲ್ ತುಳಿದಾಗ ಮೋಟರು ಜೊತೆಗೂಡುತ್ತದೆ, ಬಿಟ್ಟಾಗ ಅದೂ ಸುಮ್ಮನಾಗುತ್ತದೆ. ಮೋಟರಿನ ಶಕ್ತಿ 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿದ್ದರೆ ನಮ್ಮ ಕಾನೂನು ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಲೈಸನ್ಸ್ ಬೇಡ, ನೋಂದಣಿಯೂ ಬೇಡ. ಗುಡ್ಡದ ಬುಡದ ಊರಾದ ಗೋಕಾಕದಲ್ಲಿ ಬರೀ ಸೈಕಲ್ ಏರು ಬಂದಲ್ಲೆಲ್ಲ ಏದುಸಿರು ತರಿಸುತ್ತದೆ, ಮೋಟರ್‌ಬೈಕು ತನ್ನ ಸದ್ದಿನಲ್ಲಿ ಹೊಳೆಯ ಸದ್ದನ್ನು ಮುಳುಗಿಸುತ್ತದೆ. ಈ ಗಾಡಿ ಎರಡರ ನಡುವೆ ನಿಲ್ಲುತ್ತದೆ. ಹೊಲದಲ್ಲಿ ಕಳೆ ತೆಗೆಯುವವರ ಮಾತು, ಕಾಲುವೆ ನೀರು ತೂಬಿನಿಂದ ಇಳಿಯುವ ಸದ್ದು, ಎಲ್ಲವೂ ಕಿವಿಗೆ ಸಿಗುತ್ತವೆ.

ನಸುಕಿನಲ್ಲಿ ಹೊರಡುವುದು ಒಳ್ಳೆಯದು. ಆಗ ಪೇಟೆಯ ಓಣಿಗಳು ಖಾಲಿ. ಗೋಕಾಕದ ಬೊಂಬೆಗಳ ಹೆಸರು ಕೇಳದವರಿಲ್ಲ. ಹಗುರ ಮರದಲ್ಲಿ ಕೆತ್ತಿ, ಇಲ್ಲವೆ ಮಣ್ಣಿನಲ್ಲಿ ಮಾಡಿ ಬಣ್ಣ ಕೊಟ್ಟ ಮಾವು, ದಾಳಿಂಬೆ, ಪೇರಲ ನಿಜದ ಹಣ್ಣಿನ ಪಕ್ಕ ಇಟ್ಟರೆ ಗುರುತು ಹಿಡಿಯುವುದು ಕಷ್ಟ. ಕರದಂಟಿನ ಅಂಗಡಿಯವರು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದರೆ ಆ ವಾಸನೆಗೆ ಸೈಕಲ್ ತಾನೇ ನಿಧಾನವಾಗುತ್ತದೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲದ ಪಾಕ ಸೇರಿದ ಎರಡು ತುಂಡು ಜೇಬಿನಲ್ಲಿದ್ದರೆ ಮಧ್ಯಾಹ್ನದವರೆಗೆ ಹಸಿವಿನ ಚಿಂತೆ ಇಲ್ಲ.

ಚಹಾದಂಗಡಿಯ ಮುಂದೆ ನಿಲ್ಲಿಸಿದರೆ ಸುತ್ತ ನಾಲ್ಕು ಜನ ಕೂಡುತ್ತಾರೆ.

"ಪೆಟ್ರೋಲ್ ಹಾಕೂದಿಲ್ಲೇನ್ರೀ ಇದಕ್ಕ?"

"ಇಲ್ರಿ ಯಜಮಾನ್ರ. ಮೊಬೈಲ್ ಚಾರ್ಜ್ ಮಾಡಿದಂಗ ಮಾಡೂದು."

"ಹಂಗಾದ್ರ ನಮ್ಮ ಹೊಳಿ ನೀರಿನ ಮ್ಯಾಲೆ ಓಡ್ತದ ಅನ್ರಿ."

ಆ ಹಿರಿಯರು ಹೇಳಿದ್ದು ಗೋಕಾಕದ ಮಟ್ಟಿಗೆ ಇತಿಹಾಸದ ಮಾತು. ಊರಿನಿಂದ ಆರು ಕಿಲೋಮೀಟರ್ ದೂರದ ಫಾಲ್ಸಿನಲ್ಲಿ ಘಟಪ್ರಭೆ ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಗೆ ಬೀಳುತ್ತದೆ. ಅದರ ಪಕ್ಕದಲ್ಲೇ ಗೋಕಾಕ ಮಿಲ್ಲು. 1885ರಲ್ಲಿ ಕಟ್ಟಿದ ಕಂಪನಿಯ ಹೆಸರಿನಲ್ಲೇ ಜಲಶಕ್ತಿ ಇತ್ತು: ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. 1887ರ ಹೊತ್ತಿಗೆ ಇಲ್ಲಿ ಬೀಳುವ ನೀರು ನೂಲಿನ ಯಂತ್ರಗಳನ್ನು ತಿರುಗಿಸತೊಡಗಿತ್ತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದದ್ದು 1902ರಲ್ಲಿ, ಅಂದರೆ ಇದಾದ ಹದಿನೈದು ವರ್ಷಗಳ ಮೇಲೆ. ಮಲೆನಾಡು ಹತ್ತಿರವಿಲ್ಲದ, ಮುಂಬಯಿ ದೂರವಿದ್ದ ಈ ಬಂಡೆಗಲ್ಲಿನ ಸೀಮೆಯಲ್ಲಿ ಒಂದು ಹೊಳೆಯನ್ನು ನಂಬಿ ಗಿರಣಿ ಹಾಕಿದ ಧೈರ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಂಚಿನ ಬಂಡೆಯ ಮೇಲೆ ಕೂತು ನಾನು ಒಂದು ಲೆಕ್ಕ ಹಾಕಿದ್ದೇನೆ. ಒಂದು ಲೀಟರ್ ನೀರು 52 ಮೀಟರ್ ಬಿದ್ದರೆ ಅದರಲ್ಲಿ ಸುಮಾರು 510 ಜೂಲ್ ಶಕ್ತಿ. ನನ್ನ ಸೈಕಲ್ಲಿನಂಥ ಬ್ಯಾಟರಿ ತುಂಬಲು ಒಂದು ಯುನಿಟ್ಟಿನ ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಕರೆಂಟ್ ಬೇಕು. ಯಂತ್ರದಲ್ಲಿ ಸೋರಿಹೋಗುವುದನ್ನು ಹಿಡಿದರೂ ಮೂರರಿಂದ ಮೂರೂವರೆ ಸಾವಿರ ಲೀಟರ್ ನೀರು ಸಾಕು. ಆಷಾಢ ಶ್ರಾವಣದಲ್ಲಿ ಕೆಂಪಾಗಿ ಉಕ್ಕುವ ಘಟಪ್ರಭೆ ಅಷ್ಟು ನೀರನ್ನು ಕಣ್ಣು ಮಿಟುಕಿಸುವುದರೊಳಗೆ ಕೆಳಗೆ ಚೆಲ್ಲುತ್ತಾಳೆ. ಅಷ್ಟು ನೀರಿನ ಶಕ್ತಿಯಲ್ಲಿ ಒಬ್ಬ ಮನುಷ್ಯ ಈ ಸೈಕಲ್ಲಿನ ಮೇಲೆ ಗೋಕಾಕದಿಂದ ಮೂಡಲಗಿಗೆ ಹೋಗಿ ಬರಬಹುದು.

ಫಾಲ್ಸಿನ ಮೇಲ್ಗಡೆ ಹೊಳೆ ದಾಟುವ ತೂಗುಸೇತುವೆಯ ಉದ್ದ ಸುಮಾರು 200 ಮೀಟರ್. ಅದು ಕಾಲ್ನಡಿಗೆಯವರದು. ಸೈಕಲ್ಲನ್ನು ಈಚೆಯೇ ಬಿಟ್ಟು, ದಂಡೆಯ ಚಾಲುಕ್ಯರ ಕಾಲದ ಗುಡಿಗಳ ಕಟ್ಟೆಯ ಮೇಲೆ ಕೂಡಬೇಕು. ಮಹಾಲಿಂಗೇಶ್ವರನ ಗುಡಿಯ ಮುಂದೆ ನೀರಿನ ಹನಿ ಮುಖಕ್ಕೆ ರಾಚುತ್ತಿರುವಾಗ, ಬುತ್ತಿ ಬಿಚ್ಚಿ ಊಟಕ್ಕೆ ಕೂತ ಕುಟುಂಬಗಳು ಗುರುತಿಲ್ಲದವರಿಗೂ "ಬರ್ರಿ, ರೊಟ್ಟಿ ತಿನ್ರಿ" ಎನ್ನುತ್ತವೆ. ಉದ್ಯಾನ ಎಂಬ ಫಲಕವಿಲ್ಲ, ಕತ್ತರಿಸಿದ ಹುಲ್ಲಿಲ್ಲ. ಆದರೂ ಉದ್ಯಾನ ಮಾಡುವ ಕೆಲಸವನ್ನು ಈ ಕಟ್ಟೆ ನೂರಾರು ವರ್ಷಗಳಿಂದ ಮಾಡುತ್ತ ಬಂದಿದೆ.

ಅಲ್ಲಿಂದ ಕೊಣ್ಣೂರ ದಾಟಿ ಧೂಪದಾಳಕ್ಕೆ ಬಂದರೆ ನೋಟವೇ ಬದಲು. ಬ್ರಿಟಿಷರ ಕಾಲದ ಕಲ್ಲಿನ ಒಡ್ಡಿನ ಹಿಂದೆ ಹೊಳೆ ಅಗಲವಾಗಿ, ಅಲುಗದೆ ನಿಂತಿರುತ್ತದೆ. ಇದೇ 1974ರಲ್ಲಿ ಘೋಷಣೆಯಾದ ಘಟಪ್ರಭಾ ಪಕ್ಷಿಧಾಮ, ವಿಸ್ತೀರ್ಣ 29.78 ಚದರ ಕಿಲೋಮೀಟರ್. ಚಳಿಗಾಲದಲ್ಲಿ ದೂರದೇಶದಿಂದ ಡೆಮೊಯ್ಸೆಲ್ ಕ್ರೇನುಗಳು, ಬಿಳಿ ಸ್ಟಾರ್ಕುಗಳು ಇಲ್ಲಿಗೆ ಬರುತ್ತವೆ. ಸದ್ದಿಲ್ಲದ ವಾಹನದ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಮೋಟರ್‌ಬೈಕಿನ ಸದ್ದಿಗೆ ದೂರದಲ್ಲೇ ಎದ್ದುಹೋಗುವ ಹಕ್ಕಿಗಳು ಇದರ ಬರವನ್ನು ಗಮನಿಸದೆ ಮೇಯುತ್ತಲೇ ಇರುತ್ತವೆ.

ಮೇಲೆ ಮೇಲೆ ಹೋದರೆ ಹುಕ್ಕೇರಿ ತಾಲ್ಲೂಕು. ಹೊಳೆದಂಡೆಯ ಘೋಡಗೇರಿ ಕವಿ, ನಾಟಕಕಾರ ಚಂದ್ರಶೇಖರ ಕಂಬಾರರ ಊರು. ಅವರು ಬರಹದಲ್ಲಿ ಕಟ್ಟಿದ ಶಿವಾಪುರವೆಂಬ ಊರನ್ನು ಓದಿದವರು ಇಲ್ಲಿಯ ಹೊಳೆ, ಗುಡಿ, ಕಬ್ಬಿನ ಗದ್ದೆಗಳ ನಡುವೆ ಹೋಗುವಾಗ ಸುಮ್ಮನೆ ಹೋಗಲಾರರು. ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ, 51 ಟಿಎಂಸಿ ನೀರು ಹಿಡಿಯುವ ದೊಡ್ಡ ಕೆರೆಯಂಥದು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು, ಸಂಕೇಶ್ವರದಲ್ಲಿ ಹಿರಣ್ಯಕೇಶಿಯ ದಂಡೆಯ ಶಂಕರಲಿಂಗನ ಗುಡಿ. ಇವೆಲ್ಲ ಪ್ರವಾಸದ ಪುಸ್ತಕದಲ್ಲಿ ಸಿಗುತ್ತವೆ. ಸಿಗದೆ ಹೋಗುವುದು ಹುಕ್ಕೇರಿಯ ಕರೆಂಟಿನ ಕಥೆ. ಗೋಕಾಕ, ಮೂಡಲಗಿಗಳಲ್ಲಿ ಬಿಲ್ಲು ಬರುವುದು ಸರ್ಕಾರಿ ಕಂಪನಿ ಹೆಸ್ಕಾಂನದು. ಹುಕ್ಕೇರಿಯಲ್ಲಿ ಸಹಕಾರಿ ಸಂಘದ್ದು. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದು ಒಂದು. ಸಕ್ಕರೆ, ಹಾಲು ಸಹಕಾರದಲ್ಲಿ ನಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಬೆಳಕನ್ನೂ ರೈತರು ಸದಸ್ಯರಾಗಿ ಹಂಚಿಕೊಂಡ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಇಲ್ಲಿಯ ಖಾನಾವಳಿಯಲ್ಲಿ ಊಟ ಮಾಡುತ್ತ ಪ್ಲಗ್ಗಿಗೆ ಚಾರ್ಜರ್ ಚುಚ್ಚಿದಾಗ ನನಗೆ ಆಗುವ ಸಂತೋಷವೇ ಬೇರೆ.

ಮೂಡಲಗಿಯ ದಾರಿ ಸಪಾಟು. ಧೂಪದಾಳದಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆಯ ನೀರು ಈ ಸೀಮೆಯನ್ನು ಹಸಿರು ಮಾಡಿದೆ. ಅರಭಾವಿಯ ತೋಟಗಾರಿಕೆ ಕಾಲೇಜು, ಅರಿಸಿನ, ಗೋವಿನಜೋಳ, ಕಬ್ಬು. ಕಬ್ಬು ನುರಿಸುವ ಕಾಲದಲ್ಲಿ ಮಾತ್ರ ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ನಿಲ್ಲುವುದೇ ಜಾಣತನ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಕುಲಗೋಡ ತಮ್ಮಣ್ಣನ ಊರು, ಆ ಆಟದಿಂದಲೇ ನಾಡಿಗೆ ಹೆಸರಾದ ಕೌಜಲಗಿ ನಿಂಗಮ್ಮನ ಊರು ಎರಡೂ ಇದೇ ಸುತ್ತಿನಲ್ಲಿವೆ.

ಮರಳಿ ಗೋಕಾಕ ಹೊಗುವಾಗ ಲೋಳಸೂರ ಸೇತುವೆ. ಇಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. 2019ರ ಆಗಸ್ಟಿನಲ್ಲಿ ಹಿಡಕಲ್ಲಿನಿಂದ ಬಿಟ್ಟ ನೀರು, ಹಿರಣ್ಯಕೇಶಿ, ಊರ ಹತ್ತಿರವೇ ಬಂದು ಕೂಡುವ ಮಾರ್ಕಂಡೇಯ ಎಲ್ಲ ಒಟ್ಟಾಗಿ ಏರಿ, ಈ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೆ ನೀರು ನುಗ್ಗಿತ್ತು. ಅದೇ ವರ್ಷದ ಅಕ್ಟೋಬರಿನ ಮಳೆಗೆ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳು ಉರುಳಬಹುದೆಂದು ಕೆಳಗಿನ ಮನೆಗಳವರು ಹೆದರಿ ಕೂತರು. ಒಂದೇ ಮಳೆಗಾಲದಲ್ಲಿ ಹೊಳೆಯ ಭಯ, ಗುಡ್ಡದ ಭಯ ಎರಡನ್ನೂ ಉಂಡ ಊರು ಇದು.

ಇಂಥ ಊರಿನ ದಂಡೆಯನ್ನು ಹೇಗೆ ಬಳಸಬೇಕು? ಹೊಳೆದಂಡೆಯ ಉದ್ಯಾನ ಎಂದರೆ ಕಾಂಕ್ರೀಟ್ ಗೋಡೆ, ಕಾರಂಜಿ, ಟಿಕೆಟ್ ಕಿಟಕಿ ಎಂಬ ಕಲ್ಪನೆ ನಮ್ಮ ಊರುಗಳಿಗೆ ಬಂದುಬಿಟ್ಟಿದೆ. ನನಗೆ ಅದು ಒಪ್ಪಿಗೆಯಿಲ್ಲ. ನೆದರ್ಲೆಂಡ್ಸಿನ ನೈಮೇಖನ್ ಪಟ್ಟಣದವರು ವಾಲ್ ನದಿಯ ಒಡ್ಡನ್ನು ಎತ್ತರಿಸುವ ಬದಲು 350 ಮೀಟರ್ ಹಿಂದಕ್ಕೆ ಸರಿಸಿದರು. ನದಿಗೆ ಇನ್ನೊಂದು ಕವಲು ತೋಡಿದರು. ನಡುವೆ ಉಳಿದ ನೆಲ ನಡುಗಡ್ಡೆಯ ಉದ್ಯಾನವಾಯಿತು. ನೆರೆ ಬಂದರೆ ನೀರಿಗೆ, ಇಳಿದರೆ ಜನರಿಗೆ. ಗೋಕಾಕಕ್ಕೆ ಅಷ್ಟು ದೊಡ್ಡ ಕೆಲಸ ಬೇಕಿಲ್ಲ. ಹೊಳೆ ಮತ್ತೆ ಮತ್ತೆ ಹಾಯುವ ನೆಲದಲ್ಲಿ ಹೊಸ ಮನೆ, ಹೊಸ ಅಂಗಡಿ ಏಳದಂತೆ ತಡೆದು, ಅಲ್ಲಿರುವವರಿಗೆ ಮೊದಲು ಎತ್ತರದಲ್ಲಿ ನೆಲೆ ಕೊಟ್ಟು, ಉಳಿದ ದಂಡೆಯನ್ನು ಸಾರ್ವಜನಿಕರಿಗೆ ಬಿಟ್ಟರೆ ಸಾಕು. ಜಾಲಿ ಕಂಟಿ ಕಡಿದು ಹೊಂಗೆ, ನೇರಳೆ, ಹೊಳೆಮತ್ತಿ ಹಚ್ಚಬೇಕು. ಅವು ಕೆಲವು ದಿನ ನೀರಲ್ಲಿ ನಿಂತರೂ ಬದುಕುತ್ತವೆ. ಲೋಳಸೂರ ಸೇತುವೆಯಿಂದ ಫಾಲ್ಸಿನವರೆಗೆ ಸೈಕಲ್ಲಿಗೆ, ಕಾಲ್ನಡಿಗೆಗೆ ಒಂದು ಗಟ್ಟಿ ಮಣ್ಣಿನ ಹಾದಿ, ಮುದುಕರು ಕೂಡಲು ಅಲ್ಲಲ್ಲಿ ಕಲ್ಲಿನ ಕಟ್ಟೆ. ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆ ಮಾತ್ರ ನೆರೆ ಮುಟ್ಟದ ಎತ್ತರದಲ್ಲಿರಲಿ. ಆ ಎತ್ತರ ಎಷ್ಟೆಂದು ತಿಳಿಯಲು ಎಂಜಿನಿಯರರ ನಕ್ಷೆಗೆ ಮೊದಲು, 2019ರಲ್ಲಿ ಮನೆಯೊಳಗೆ ನೀರು ಕಂಡ ಓಣಿಗಳ ಹೆಂಗಸರನ್ನು ಕೇಳಬೇಕು. ನೀರು ಯಾವ ಮೆಟ್ಟಿಲ ತನಕ ಬಂದಿತ್ತೆಂದು ಅವರು ಬೆರಳಿಟ್ಟು ತೋರಿಸುತ್ತಾರೆ.