ಕಿವಿ ಕಲಿತ ವಿದ್ಯೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಹರದಾರಿಗಳ ದೂರವನ್ನಷ್ಟೇ ಎಣಿಸಿದ್ದರೇನೋ. ವರ್ಷಗಳ ದೂರವೂ ಬೆಟ್ಟವನ್ನು ನುಣ್ಣಗೆ ಮಾಡಬಲ್ಲುದು. ಇಂಗ್ಲೆಂಡಿನ ಉತ್ತರಭಾಗದಲ್ಲಿರುವ ಶ್ಯಾಪ್ ಬೆಟ್ಟವನ್ನು ಭಾರದ ಲಾರಿಯಲ್ಲಿ ಏರಿ ಇಳಿದು ಮುಪ್ಪಾದ ಸಾರಥಿಗಳ ಮಾತನ್ನು ಕೇಳಿದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ.

ಅಂತಹ ಮುದುಕನೊಬ್ಬ ಲ್ಯಾಂಕಶೈರಿನ ಪ್ರೆಸ್ಟನ್ ಪಟ್ಟಣದವನು. ವಯಸ್ಸು ಎಂಬತ್ತೈದನ್ನು ದಾಟಿದೆ. ಬೇಸಗೆ ಬಂದಿತೆಂದರೆ ಹಳೆಯ ಲಾರಿಗಳ ಮೇಳ ಎಲ್ಲಿ ನೆರೆಯುವುದೆಂದು ವಿಚಾರಿಸಿಕೊಂಡು ಮೊಮ್ಮಗನ ಕಾರಿನಲ್ಲಿ ಹೊರಡುತ್ತಾನೆ. ಹಳೆಯ ಲಾರಿಗಳ ತುಕ್ಕು ಬಿಡಿಸಿ, ಬಣ್ಣ ಬಳಿದು, ಮನೆಯ ಹಸುವಿನಂತೆ ಸಾಕುವವರು ಆ ದೇಶದಲ್ಲಿ ಕಡಿಮೆಯಿಲ್ಲ. 1958ರಲ್ಲಿಯೇ ಅಂಥವರ ಸಂಘವೊಂದು ಹುಟ್ಟಿತು. 1962ರಲ್ಲಿ ಲಂಡನ್ನಿನಿಂದ ಬ್ರೈಟನ್ ಕಡಲತೀರಕ್ಕೆ ಅವರ ವಾಹನಗಳ ಯಾತ್ರೆ ಮೊದಲಾಯಿತು.

ಮೇಳದ ಮೈದಾನದಲ್ಲಿ ಲೇಲ್ಯಾಂಡ್, ಎ.ಇ.ಸಿ., ಫೋಡನ್, ಇ.ಆರ್.ಎಫ್., ಸ್ಕ್ಯಾಮೆಲ್ ಲಾರಿಗಳು ಮದುವಣಿಗರಂತೆ ಸಾಲಾಗಿ ನಿಂತಿರುತ್ತವೆ. ಮುದುಕ ಅವುಗಳಿಗೆ ಒಂದೊಂದು ನೋಟವನ್ನಷ್ಟೇ ದಯಪಾಲಿಸಿ, ಮೂತಿಯ ಮೇಲೆ ವೃತ್ತದೊಳಗೆ ದೊಡ್ಡ ‘ಎ’ ಅಕ್ಷರವನ್ನು ಧರಿಸಿದ ಎಂಟುಗಾಲಿಯ ಅಟ್ಕಿನ್‌ಸನ್ ಲಾರಿಯ ಮುಂದೆ ಹೋಗಿ ನಿಲ್ಲುತ್ತಾನೆ. ಅದು ಅವನ ಊರಿನ ಮಗ್ಗುಲಲ್ಲೇ, ವಾಲ್ಟನ್-ಲಿ-ಡೇಲಿನಲ್ಲಿ ಹುಟ್ಟಿದ್ದು. ಅವನು ಬಹುಕಾಲ ನಡೆಸಿದ್ದೂ ಅಂತಹದನ್ನೇ.

ಇಂದಿನ ಕಣ್ಣಿಗೆ ಚೆಲುವಾಗಿ ಕಾಣುವ ಆ ಗಾಡಿ ಅಂದಿನ ಮೈಗೆ ಶಿಕ್ಷೆಯಾಗಿತ್ತು. ಒಳಗೆ ಕೂರುವವನಿಗೂ ಪಕ್ಕದವನಿಗೂ ನಡುವೆ ಇಂಜಿನ್ನೇ ಗೋಡೆಯಂತೆ ಎದ್ದು ನಿಂತಿತ್ತು. ಅದರ ಆರ್ಭಟದಲ್ಲಿ ಮಾತು ಕೇಳಿಸದೆ ಕೈಸನ್ನೆಯೇ ಭಾಷೆಯಾಗುತ್ತಿತ್ತು. ಬಿಸಿಗಾಳಿಯ ಅನುಕೂಲವಿಲ್ಲ, ಚಳಿಗಾಲದಲ್ಲಿ ಇಂಜಿನ್ನಿನ ಕಡೆಯ ಕಾಲು ಬೆಂದರೆ ಬಾಗಿಲ ಕಡೆಯ ಕಾಲು ಮರಗಟ್ಟುತ್ತಿತ್ತು. ಸ್ಟಿಯರಿಂಗ್ ಚಕ್ರವನ್ನು ತಿರುಗಿಸುವುದಕ್ಕೆ ತೋಳಿನ ಬಲವಲ್ಲದೆ ಬೇರೆ ಸಹಾಯವಿರಲಿಲ್ಲ. ಮ್ಯಾಂಚೆಸ್ಟರ್ ಬಳಿಯ ಗಾರ್ಡನರ್ ಕಾರ್ಖಾನೆಯ ಆರು ಸಿಲಿಂಡರಿನ ಇಂಜಿನ್ನಿಗೆ ಇದ್ದದ್ದು 112 ಕುದುರೆಗಳ ಶಕ್ತಿ. ಅದು ಎಳೆಯಬೇಕಾದದ್ದು ಗಾಡಿಯೂ ಸೇರಿ 24 ಟನ್ ತೂಕ. ಭಾರಿ ಲಾರಿಗಳು ಗಂಟೆಗೆ 20 ಮೈಲಿಗಿಂತ ವೇಗವಾಗಿ ಓಡಬಾರದೆಂಬ ಕಾನೂನು 1957ರವರೆಗೂ ಇತ್ತು. ಆಮೇಲೆ ಅದು 30 ಆಯಿತು. ಶ್ಯಾಪಿನ ಏರಿನಲ್ಲಿ ಈ ಕಾನೂನನ್ನು ಮುರಿಯುವ ಭಯ ಯಾರಿಗೂ ಇರಲಿಲ್ಲ!

ಕೆಂಡಲ್ ಪಟ್ಟಣವನ್ನು ಬಿಟ್ಟು ಉತ್ತರಕ್ಕೆ ನಡೆದರೆ ಹಳೆಯ ಹೆದ್ದಾರಿ ಸುಮಾರು 1,400 ಅಡಿಯವರೆಗೆ ಏರುತ್ತದೆ. ಪಶ್ಚಿಮದ ಕಡೆಯಿಂದ ಸ್ಕಾಟ್ಲೆಂಡಿಗೆ ಹೋಗುವ ಲಾರಿಗಳು ಅಂದು ಹೆಚ್ಚಾಗಿ ಆ ದಾರಿಯಲ್ಲೇ ಸಾಗುತ್ತಿದ್ದವು. ಏರಿನಲ್ಲಿ ಗೇರು ಬದಲಾಯಿಸುವುದು ಒಂದು ವಿದ್ಯೆ. ಕ್ಲಚ್ಚನ್ನು ತುಳಿದು ಗೇರನ್ನು ಬಿಡಿಸಬೇಕು. ಕ್ಲಚ್ಚನ್ನು ಬಿಟ್ಟು ಇಂಜಿನ್ನಿನ ವೇಗವನ್ನು ತಕ್ಕಷ್ಟು ಏರಿಸಬೇಕು. ಮತ್ತೆ ತುಳಿದು ಕೆಳಗಿನ ಗೇರಿಗೆ ಹಾಕಬೇಕು. ಇಂಜಿನ್ನಿನ ಶ್ರುತಿಯೂ ಗಾಲಿಗಳ ಶ್ರುತಿಯೂ ಕೂಡಿದರೆ ಬೆಣ್ಣೆಯಿಂದ ಕೂದಲೆಳೆ ತೆಗೆದಷ್ಟು ಸಲೀಸು. ಕೂಡದಿದ್ದರೆ ಹಲ್ಲುಗಳು ಕರಕರನೆ ಕಚ್ಚಾಡಿ ಗೇರು ಬೀಳುವುದೇ ಇಲ್ಲ. ಅಷ್ಟರಲ್ಲಿ ಲಾರಿ ನಿಂತು, ಹಿಂದಕ್ಕೆ ಜಾರತೊಡಗಿದರೂ ಆಯಿತು. ಆ ಕ್ಷಣವನ್ನು ಯಾವ ಮುಳ್ಳೂ ತೋರಿಸುತ್ತಿರಲಿಲ್ಲ. ಕಿವಿಯೇ ಗುರು.

ಮುದುಕ ಹದಿನೇಳರ ಹುಡುಗನಾಗಿ ಲಾರಿಯನ್ನು ಸೇರಿದಾಗ ಅವನ ಕೆಲಸ, ಹಿಂದೆ ಕಟ್ಟಿದ ಟ್ರೇಲರನ್ನು ನೋಡಿಕೊಳ್ಳುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು. ಯಾರೂ ಅವನಿಗೆ ಪಾಠ ಹೇಳಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದ; ಕೇಳಿ ಕೇಳಿ ಕಲಿತ.

ಆ ದಾರಿಗೆ ಅದರದೇ ಆದ ನಡೆವಳಿಕೆಯಿತ್ತು. ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕುವಾಗ, ಅದರ ಬಾಲ ಪೂರ್ತಿಯಾಗಿ ಮುಂದೆ ಬಂದೊಡನೆ ಹಿಂದಿನವನು ದೀಪವನ್ನು ಮಿಣುಕಿಸಿ “ಇನ್ನು ಬಾ” ಎನ್ನುವನು. ಮುಂದಿನವನು ದೀಪದಿಂದಲೇ ವಂದನೆ ಹೇಳುವನು. ಕೆಟ್ಟು ನಿಂತ ಲಾರಿಯನ್ನು ಕಂಡರೆ ನಿಲ್ಲಿಸದೆ ಹೋಗುವುದು ಅಪರಾಧ. ಬೆಟ್ಟದ ಬಳಿ ‘ಜಂಗಲ್’ ಎಂಬ ಹೆಸರಿನ ಕೆಫೆಯೊಂದಿತ್ತು. ಹಿಮ ಬಿದ್ದು ದಾರಿ ಮುಚ್ಚಿದರೆ, ಸಾರಥಿಗಳಿಗೆ ಅಂತಹ ಕೆಫೆಗಳೂ ಸುತ್ತಲಿನ ಮನೆಗಳೂ ಆಸರೆಯಾಗುತ್ತಿದ್ದವು. ಆ ಕಾಲದ ಸಾರಥಿಗಳನ್ನೂ, ಸಿಕ್ಕಿಬಿದ್ದವರಿಗೆ ಊಟ ವಸತಿ ಕೊಟ್ಟ ಊರವರನ್ನೂ ನೆನೆಯುವ ಸ್ಮಾರಕವೊಂದು ಇಂದಿಗೂ ಶ್ಯಾಪಿನ ನೆತ್ತಿಯ ಬಳಿ ನಿಂತಿದೆ.

ಇದನ್ನೆಲ್ಲ ಮುದುಕ ಬಣ್ಣಿಸುವಾಗ ಅವನ ಹೆಂಡತಿ ಮಾತ್ರ ತಲೆದೂಗುವುದಿಲ್ಲ. ಹಿಮದ ರಾತ್ರಿಗಳಲ್ಲಿ ಮನೆಯಲ್ಲಿ ದೂರವಾಣಿಯಿಲ್ಲದೆ, ಗಂಡ ಬದುಕಿದ್ದಾನೆಯೇ ಇಲ್ಲವೇ ಎಂದು ತಿಳಿಯದೆ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗು ಮಾಡಿದವಳು ಆಕೆ. “ನಿಮಗೆ ಅದು ಲಾರಿ, ನನಗೆ ಸವತಿ” ಎನ್ನುತ್ತಾಳೆ.

ಆಕೆಯ ಮಾತಿನಲ್ಲಿ ನ್ಯಾಯವಿದೆ. 1970ರಲ್ಲಿ ಬೆಟ್ಟದ ಮೇಲೆ ಹೊಸ ಮೋಟಾರು ಮಾರ್ಗ ತೆರೆದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರಲ್ಲಿ ಮುದುಕನೂ ಒಬ್ಬ. ಸ್ವೀಡನ್ನಿನಿಂದ ಬೆಚ್ಚನೆಯ, ಸುಖಾಸನದ ಲಾರಿಗಳು ಬಂದಾಗ ಹಳೆಯದನ್ನು ಬಿಟ್ಟು ಅದರೊಳಗೆ ಮೊದಲು ಹತ್ತಿದವನೂ ಅವನೇ. ಅವನಂತೆ ಸಾವಿರಾರು ಮಂದಿ ಹತ್ತಿದರು. ಅಟ್ಕಿನ್‌ಸನ್ 1970ರಲ್ಲಿ ಸೆಡನ್ ಕಂಪೆನಿಯ ಕೈ ಸೇರಿತು, ಎ.ಇ.ಸಿ.ಯ ಸೌತಾಲ್ ಕಾರ್ಖಾನೆ 1979ರಲ್ಲಿ ಮುಚ್ಚಿತು. ಒಂದೊಂದಾಗಿ ಉಳಿದವೂ ಹೋದವು. ತಾನೇ ಕೈಬಿಟ್ಟುದಕ್ಕಾಗಿ ತಾನೇ ಹಂಬಲಿಸುವುದು ಮನುಷ್ಯನ ಸ್ವಭಾವವಲ್ಲವೆ?

ಈ ಹಂಬಲ ಆ ದ್ವೀಪಕ್ಕಷ್ಟೇ ಸೇರಿದ್ದಲ್ಲ. 1948ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಅಶೋಕ್ ಮೋಟಾರ್ಸ್, ಬ್ರಿಟನ್ನಿನ ಲೇಲ್ಯಾಂಡಿನೊಡನೆ ಕೂಡಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಕಾಮೆಟ್ ಲಾರಿಗಳು ಕನ್ನಡನಾಡಿನ ರಸ್ತೆಗಳಲ್ಲಿಯೂ ಓಡಿದವು. ಘಟ್ಟದ ತಿರುವಿನಲ್ಲಿ ‘ಡಬ್ಬಲ್ ಕ್ಲಚ್ಚು’ ಹಾಕಲು ಕಲಿತ ಡ್ರೈವರನಿಗೂ, ಗಾಲಿಗೆ ಕಲ್ಲು ಕೊಡಲು ಹಾರಿ ಇಳಿಯುತ್ತಿದ್ದ ಕ್ಲೀನರ್ ಹುಡುಗನಿಗೂ ಶ್ಯಾಪಿನ ಮುದುಕನ ಮಾತು ಅನುವಾದವಿಲ್ಲದೆ ತಿಳಿದೀತು.

ಕೆಲವು ವರ್ಷಗಳ ಹಿಂದೆ ಒಂದು ಮೇಳದಲ್ಲಿ ಅಟ್ಕಿನ್‌ಸನ್ನಿನ ಯಜಮಾನನಾದ ತರುಣ, ಬಹಳ ಹೊತ್ತಿನಿಂದ ನಿಂತಿದ್ದ ಮುದುಕನನ್ನು ಕಂಡು, “ಹಿರಿಯರೆ, ಮೈದಾನವನ್ನು ಒಂದು ಸುತ್ತು ಹಾಕಿಸುವಿರಾ?” ಎಂದು ಕೇಳಿದ. ಮುದುಕ ಉತ್ತರ ಕೊಡಲಿಲ್ಲ. ತರುಣ ಮತ್ತೊಮ್ಮೆ ಗಟ್ಟಿಯಾಗಿ ಕೇಳಬೇಕಾಯಿತು. ಯಾವ ಇಂಜಿನ್ನು ಅವನ ಕಿವಿಗೆ ವಿದ್ಯೆಯನ್ನು ಕಲಿಸಿತ್ತೋ ಅದೇ ಇಂಜಿನ್ನು ಮೂವತ್ತು ವರ್ಷಗಳಲ್ಲಿ ಆ ಕಿವಿಯನ್ನು ಕಿತ್ತುಕೊಂಡಿತ್ತು.

ಮೊಮ್ಮಗ ಬೇಡವೆಂದರೂ ಮುದುಕ ಹತ್ತಿ ಕುಳಿತ. ಮೊದಲ ಸಲ ಗೇರು ಹಾಕಿದಾಗ ಹಲ್ಲುಗಳು ಕರಕರ ಎಂದವು; ನೋಡುತ್ತಿದ್ದವರು ನಕ್ಕರು. ಅವನಿಗೆ ಆ ಸದ್ದೂ ಕೇಳಿಸಲಿಲ್ಲ, ನಗೆಯೂ ಕೇಳಿಸಲಿಲ್ಲ. ಆದರೆ ಸನ್ನೆಯ ಅದುರು ಅಂಗೈಗೆ ಎಲ್ಲವನ್ನೂ ಹೇಳಿತು. ಮೈದಾನದ ಅಂಚಿನ ಸಣ್ಣ ಏರು ಬಂದಾಗ ಅವನು ಕಾಲನ್ನು ಎತ್ತಿದ, ತುಸು ತಡೆದ, ಮತ್ತೆ ತುಳಿದ. ಗೇರು ಸದ್ದಿಲ್ಲದೆ ಬಿತ್ತು. ಏರಿನ ತುದಿಯವರೆಗೂ ಇನ್ನೊಮ್ಮೆ ತಪ್ಪಲಿಲ್ಲ.

“ನಿಮಗೆ ಇಂಜಿನ್ನು ಕೇಳಿಸಿತೇ?” ಎಂದು ತರುಣ ಅಚ್ಚರಿಯಿಂದ ಕೂಗಿ ಕೇಳಿದ.

“ಅಂಗಾಲಿಗೆ ಕೇಳಿಸಿತು” ಎಂದ ಮುದುಕ.

ಕಳೆದ ದಿನಗಳು ಮರಳಿ ಬರಲೆಂದು ಅವನು ಕೇಳುವುದಿಲ್ಲ. ಆ ಚಳಿ, ಆ ಹಿಮ, ಆ ದುಡಿಮೆ ಯಾರಿಗೂ ಬೇಡ. ತನ್ನ ಮೈ ಒಮ್ಮೆ ಬಲ್ಲುದಾಗಿದ್ದನ್ನು ಇನ್ನೂ ಬಲ್ಲುದು ಎಂಬಷ್ಟು ತಿಳಿದರೆ ಅವನಿಗೆ ಸಾಕು.

ಅಂದು ಸಂಜೆ ಮನೆಗೆ ಬಂದಾಗ ಹೆಂಡತಿ ಅವನ ಕೋಟನ್ನು ತೆಗೆದುಕೊಂಡು ಮೂಸಿ ನೋಡಿದಳು. ಡೀಸೆಲ್ ವಾಸನೆ.

“ಸವತಿಯ ಮನೆಗೆ ಹೋಗಿದ್ದಿರೆಂದು ಕಾಣುತ್ತದೆ” ಎಂದಳು. ಅವನಿಗೆ ಕೇಳಿಸಲಿಲ್ಲ. ಆಕೆ ಕೋಟನ್ನು ಒಗೆಯಲು ಹಾಕದೆ ಗೂಟಕ್ಕೆ ತೂಗುಹಾಕಿದಳು.