ನೆಲಕ್ಕೆ ಬೀಳದ ಎಣ್ಣೆ

ಪರರಲ್ಲಿ ದೋಷವನ್ನು ಕಾಣುವಾಗ ಮನುಷ್ಯನಿಗೆ ಇರುವ ಉತ್ಸಾಹ, ಆ ದೋಷ ಎಲ್ಲಿ ಹುಟ್ಟಿತೆಂದು ವಿಚಾರಿಸುವಾಗ ಇರುವುದಿಲ್ಲ. ಕಣ್ಣಿಗೆ ಬಿದ್ದ ಕಲೆಯನ್ನೇ ಸಾಕ್ಷಿಯಾಗಿಸಿಕೊಂಡು ತೀರ್ಪು ಹೇಳಿಬಿಡುವುದು ಲೋಕದ ರೂಢಿ. ಆ ತೀರ್ಪಿನಿಂದ ಇನ್ನೊಬ್ಬರ ಮರ್ಯಾದೆಗೆ, ಜೀವನೋಪಾಯಕ್ಕೆ ಎಷ್ಟು ಹಾನಿಯಾಯಿತೆಂಬುದು ಹೇಳಿದವರಿಗೆ ಅನೇಕ ವೇಳೆ ತಿಳಿಯುವುದೇ ಇಲ್ಲ. ಮೈಸೂರಿನ ಹಿರಿಯರೊಬ್ಬರಿಗೆ ಈ ಸಂಗತಿ ತಿಳಿದುಬಂದದ್ದು ಹಳೆಯ ಮೋಟಾರ್ ಸೈಕಲಿನ ಎಂಜಿನ್ನೊಂದನ್ನು ಬಿಚ್ಚಿ ಜೋಡಿಸುವಾಗ.

ಅವರು ಸರ್ಕಾರದ ಲೆಕ್ಕಪರಿಶೋಧನೆಯ ಕೆಲಸದಲ್ಲಿ ಮೂವತ್ತೈದು ವರ್ಷ ಸವೆಸಿ ನಿವೃತ್ತರಾದವರು. ಜಮಾಖರ್ಚಿನಲ್ಲಿ ಒಂದು ರೂಪಾಯಿ ವ್ಯತ್ಯಾಸವಾದರೂ ಅದರ ಜಾಡು ಹಿಡಿದು ಹೋಗುವವರೆಂದು ಕಚೇರಿಯಲ್ಲಿ ಹೆಸರಾಗಿದ್ದರು. ಅವರ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ, ತಂದೆ 1968ರಲ್ಲಿ ಕೊಂಡಿದ್ದ ಜಾವಾ 250 ಧೂಳು ಹಿಡಿದು ನಿಂತಿತ್ತು. ಜೆಕೊಸ್ಲೊವಾಕಿಯಾದ ವಿನ್ಯಾಸವನ್ನು ಆಧರಿಸಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ವಾಹನವದು. ಮುಂದೆ ಯೆಜ್ಡಿ ಎಂಬ ಹೆಸರಿನಿಂದಲೂ ವಾಹನಗಳನ್ನು ಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಊರಿನ ಅನೇಕ ಮನೆಗಳಿಗೆ ಅನ್ನವನ್ನಿತ್ತ ಕಾರ್ಖಾನೆಯ ನೆನಪು ಈ ಬಗೆಯ ವಾಹನಗಳಲ್ಲಿ ಇಂದಿಗೂ ಉಳಿದಿದೆ. ನಿವೃತ್ತಿಯ ಬಿಡುವಿನಲ್ಲಿ ತಂದೆಯ ವಾಹನವನ್ನು ತಮ್ಮ ಕೈಯಿಂದಲೇ ಮತ್ತೆ ಓಡುವಂತೆ ಮಾಡಬೇಕೆಂದು ಅವರು ಸಂಕಲ್ಪಿಸಿದರು.

ಅದು ಕೊಟ್ಟಿಗೆ ಸೇರಿದುದಕ್ಕೆ ಒಂದು ಹಿನ್ನೆಲೆಯಿತ್ತು. 1993ರಲ್ಲಿ ಕ್ಲಚ್ಚಿನ ದುರಸ್ತಿಗೆಂದು ಅದನ್ನು ಪರಿಚಿತ ಮೇಸ್ತ್ರಿಯೊಬ್ಬರಿಗೆ ಒಪ್ಪಿಸಿದ್ದರು. ಕೆಲಸ ಮುಗಿಸಿದ ಮೇಸ್ತ್ರಿ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ತುಂಬಿ ಹಣ ಪಡೆದರು. ಒಂದು ತಿಂಗಳಾದ ಮೇಲೆ ಇವರು ಸ್ವಭಾವಕ್ಕೆ ತಕ್ಕಂತೆ ಆ ಎಣ್ಣೆಯನ್ನು ಇಳಿಸಿ ಅಳೆದು ನೋಡಿದರೆ ಕಾಲು ಲೀಟರಿನಷ್ಟು ಕಡಿಮೆ. ವಾಹನ ನಿಲ್ಲುವ ಜಾಗದಲ್ಲಿ ಒಂದು ತೊಟ್ಟೂ ಬಿದ್ದಿರಲಿಲ್ಲ. ಸೋರದ ಎಣ್ಣೆ ಕಡಿಮೆಯಾಗುವುದೆಂದರೆ ಹಾಕುವಾಗಲೇ ಕಡಿಮೆ ಹಾಕಿರಬೇಕು. ಲೆಕ್ಕ ಅಷ್ಟು ಸರಳವಾಗಿತ್ತು. ಅಂಗಡಿಗೆ ಹೋಗಿ ನಾಲ್ಕು ಮಂದಿ ಗಿರಾಕಿಗಳ ಎದುರಿನಲ್ಲಿಯೇ ಕೇಳಿದರು.

“ಒಂದು ಲೀಟರಿನ ದುಡ್ಡು ತೆಗೆದುಕೊಂಡು ಮುಕ್ಕಾಲು ಲೀಟರು ಹಾಕುವುದು ಯಾವ ನ್ಯಾಯ ಮೇಸ್ತ್ರಿಗಳೆ?”

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, “ಪೂರ್ತಿ ಹಾಕಿದ್ದೀನಿ ಸ್ವಾಮಿ. ಎಣ್ಣೆ ಹೊರಗೆ ಹೋಗಿಲ್ಲ, ಒಳಗೆ ಹೋಗ್ತಿದೆ. ಎಂಜಿನ್ ಇಳಿಸಿ ಬಿಚ್ಚಬೇಕು” ಎಂದರು.

ಇನ್ನಷ್ಟು ಹಣ ಕೀಳುವ ಉಪಾಯವೆಂದೇ ಇವರಿಗೆ ತೋರಿತು. ಮಾತು ಬೆಳೆಯಿತು. ಇವರು ವಾಹನವನ್ನು ತಳ್ಳಿಕೊಂಡು ಹೊರಬಂದರು; ಕಚೇರಿಯಲ್ಲಿಯೂ ನಡೆದುದನ್ನು ಹೇಳಿದರು. ಬೇರೊಬ್ಬರು ಎಂಜಿನ್ನಿನ ಹೊರಸಂಧಿಗಳಿಗೆಲ್ಲ ಅಂಟು ಬಳಿದು ಕೊಟ್ಟರು. ಕೆಲವು ತಿಂಗಳಲ್ಲಿ ಸೈಲೆನ್ಸರುಗಳು ಬಿಳಿಯ ಹೊಗೆಯನ್ನು ಕಾರತೊಡಗಿದವು. ಬೇಸತ್ತು ಅದನ್ನು ಕೊಟ್ಟಿಗೆಗೆ ತಳ್ಳಿದವರು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅತ್ತ ತಿರುಗಿ ನೋಡಲಿಲ್ಲ.

ದುರಸ್ತಿಯ ಮೊದಲ ಹಂತದಲ್ಲಿ ಅವರು ಕೈಹಾಕಿದ್ದು ಹೊರಗಿನ ಸೋರಿಕೆಗೆ. ಇಷ್ಟು ಕಾಲ ನಿಂತಿದ್ದುದರಿಂದ ರಬ್ಬರೂ ಪ್ಯಾಕಿಂಗ್ ಕಾಗದವೂ ಒಣಗಿ, ಈಗ ನಿಜವಾಗಿಯೂ ನೆಲಕ್ಕೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸೋರಿಕೆಯನ್ನು ಹುಡುಕುವುದು ತಾಳ್ಮೆಯ ಕೆಲಸ. ತೊಟ್ಟು ಬೀಳುವ ಸ್ಥಳ ಒಂದು, ಹೊರಡುವ ಸ್ಥಳ ಇನ್ನೊಂದು. ಎಣ್ಣೆ ಲೋಹದ ಮೈಯನ್ನು ಹಿಡಿದು ಕೆಳಗಿಳಿಯುತ್ತದೆ. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಬಿಂದುವನ್ನು ಗುರುತಿಸಬೇಕು. ಅವರು ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ, ಸ್ವಲ್ಪ ದೂರ ಓಡಿಸಿ ಬಂದು ನೋಡಿದರು. ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯೊಂದು ಮೂಡಿತ್ತು. ಅದನ್ನು ಅನುಸರಿಸಿ ಮೇಲೇರಿದರೆ ಎಡಬದಿಯ ಸನ್ನೆಯ ದಂಡ ಸಿಕ್ಕಿತು. ಈ ವಾಹನದಲ್ಲಿ ಗೇರು ಬದಲಿಸುವ ಸನ್ನೆಯನ್ನೇ ತಿರುಗಿಸಿಕೊಂಡು ಒದ್ದು ಎಂಜಿನ್ನನ್ನು ಚಾಲೂ ಮಾಡಬೇಕು. ಎರಡು ಕೆಲಸ ಮಾಡುವ ಆ ದಂಡದ ಸುತ್ತಲಿನ ರಬ್ಬರ್ ಬಳೆ ಸವೆದಿತ್ತು. ಅದನ್ನು ಬದಲಿಸಿ, ಮುಚ್ಚಳದ ಸಂಧಿಯಲ್ಲಿದ್ದ ಹಳೆಯ ಅಂಟನ್ನು ಕೆರೆದು, ಗಾಜಿನ ಹಲಗೆಯ ಮೇಲೆ ನುಣುಪು ಮರಳುಕಾಗದವನ್ನಿಟ್ಟು ಮುಚ್ಚಳದ ಅಂಚನ್ನು ಸಮತಟ್ಟಾಗುವವರೆಗೆ ಉಜ್ಜಿ, ಹೊಸ ಪ್ಯಾಕಿಂಗ್ ಹಾಕಿದರು.

ಮರುದಿನ ಬೆಳಿಗ್ಗೆ ಎಂಜಿನ್ನಿನ ಕೆಳಗೆ ಹಾಸಿದ್ದ ವೃತ್ತಪತ್ರಿಕೆಯ ಮೇಲೆ ಒಂದು ತೊಟ್ಟೂ ಇರಲಿಲ್ಲ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಎರಡು ವಾರ ಓಡಿಸಿದ ಮೇಲೆ ಹೊಗೆ ಮತ್ತೆ ದಟ್ಟವಾಯಿತು. ಗೇರ್‌ಬಾಕ್ಸಿನ ಎಣ್ಣೆಯನ್ನು ಇಳಿಸಿ ಅಳೆದರು. ತಾವೇ ಅಳೆದು, ತಮ್ಮ ಕೈಯಿಂದಲೇ ಸುರಿದ ಎಣ್ಣೆ ಅದು. ಇನ್ನೂರು ಮಿಲಿಲೀಟರ್ ಕಡಿಮೆಯಿತ್ತು. ಈ ಸಲ ದೂರಲು ಇನ್ನೊಬ್ಬರು ಇರಲಿಲ್ಲ.

ಅಳತೆಪಾತ್ರೆಯನ್ನು ಹಿಡಿದು ಅವರು ಬಹಳ ಹೊತ್ತು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತಿದ್ದರೆಂದು ಮನೆಯವರು ಹೇಳುತ್ತಾರೆ.

ಇನ್ನುಳಿದದ್ದು ಎಂಜಿನ್ನನ್ನು ಇಳಿಸಿ ಬಿಚ್ಚುವ ಕೆಲಸ. ಸುತ್ತಿಗೆ ತಾಗಿಸದೆ, ಕವಚದ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸದೆ, ಬಿಸಿ ಮಾಡಿ ನಿಧಾನವಾಗಿ ಬೇರ್ಪಡಿಸಿದರು. ಅಂಚಿಗೆ ಒಂದು ಗೀರು ಬಿದ್ದರೂ ಅದೇ ಹೊಸ ಸೋರಿಕೆಯ ದಾರಿಯಾಗುತ್ತದೆ. ಒಳಗಿನ ಸತ್ಯ ಆಗ ತಿಳಿಯಿತು. ಎರಡು ಹೊಡೆತದ ಈ ಬಗೆಯ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೂ ಉಸಿರಾಡುತ್ತದೆ. ಪಿಸ್ಟನ್ ಮೇಲೇರುವಾಗ ಅದು ಪೆಟ್ರೋಲು ಬೆರೆತ ಗಾಳಿಯನ್ನು ಸೆಳೆದುಕೊಂಡು, ಇಳಿಯುವಾಗ ಮೇಲಕ್ಕೆ ತಳ್ಳುತ್ತದೆ. ಅದರ ಎಡಪಕ್ಕದ ಕೋಣೆಯಲ್ಲಿ ಕ್ಲಚ್ಚೂ ಸರಪಣಿಯೂ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಎರಡು ಕೋಣೆಗಳ ನಡುವೆ, ಕ್ರ್ಯಾಂಕಿನ ದಂಡವನ್ನು ಅಪ್ಪಿ ಹಿಡಿದಿರುವ ಆಯಿಲ್ ಸೀಲ್ ಎಂಬ ಪುಟ್ಟ ಬಳೆಯೊಂದೇ ತಡೆ. ಆ ಬಳೆಯ ರಬ್ಬರು ತುಟಿ ಕೊಂಬಿನಂತೆ ಗಟ್ಟಿಯಾಗಿತ್ತು; ತುಟಿಯನ್ನು ಬಿಗಿಹಿಡಿಯುವ ಸುರುಳಿ ತಂತಿ ಸಡಿಲವಾಗಿತ್ತು. ಬೇರಿಂಗ್ ಸವೆದು ದಂಡ ಅಲುಗುತ್ತಿತ್ತು. ದಂಡದ ಮೇಲೆ ತುಟಿ ಉಜ್ಜಿದ ಕಡೆ ಉಗುರಿಗೆ ಸಿಕ್ಕುವಂತಹ ಗೀರು ಬಿದ್ದಿತ್ತು. ಪಿಸ್ಟನ್ ಒಮ್ಮೆ ಏರಿದರೆ ಒಂದು ಹೀರು. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ. ಹೀಗೆ ಹೀರಿದ ಎಣ್ಣೆ ಪೆಟ್ರೋಲಿನೊಡನೆ ಉರಿದು ಹೊಗೆಯಾಗಿ ಹೋಗುತ್ತಿತ್ತು. ನೆಲಕ್ಕೆ ಬೀಳುವ ಮಾತೇ ಇರಲಿಲ್ಲ.

“ಹೊರಗೆ ಹೋಗಿಲ್ಲ, ಒಳಗೆ ಹೋಗ್ತಿದೆ.” ಮೇಸ್ತ್ರಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಲೆಕ್ಕಪರಿಶೋಧಕರಿಗೆ ತಮ್ಮ ವೃತ್ತಿಯ ಮೊದಲ ಪಾಠ ನೆನಪಾಯಿತು. ವ್ಯತ್ಯಾಸ ಕಂಡುಬಂದಾಗ ಕಾರಣವನ್ನು ಕೇಳಿ, ಉತ್ತರವನ್ನು ಪರಿಶೀಲಿಸಿ, ಬಳಿಕವಷ್ಟೇ ಆಕ್ಷೇಪಣೆಯನ್ನು ಬರೆಯಬೇಕು. ಕಡತಗಳ ಮಟ್ಟಿಗೆ ಅವರು ಈ ನಿಯಮವನ್ನು ಎಂದೂ ಮೀರಿದವರಲ್ಲ. ಕೈಗೆ ಮಸಿ ಮೆತ್ತಿಕೊಂಡ ಒಬ್ಬ ಮನುಷ್ಯನ ವಿಷಯದಲ್ಲಿ ಮಾತ್ರ ಉತ್ತರವನ್ನು ಪರಿಶೀಲಿಸದೆಯೇ ಆಕ್ಷೇಪಣೆಯನ್ನು ಕಾಯಂ ಮಾಡಿದ್ದರು.

ಮೇಸ್ತ್ರಿಯ ಅಂಗಡಿ ಇದ್ದ ಜಾಗದಲ್ಲಿ ಈಗ ಬೇರೆ ವ್ಯಾಪಾರ ನಡೆಯುತ್ತದೆ. ವಿಚಾರಿಸಿಕೊಂಡು ಅವರ ಮನೆಯನ್ನು ಹುಡುಕಿ ಹೋದರು. ಎಂಬತ್ತು ದಾಟಿದ ಮೇಸ್ತ್ರಿಗೆ ಕಣ್ಣು ಮಂಜಾಗಿತ್ತು. ಹೆಸರು ಹೇಳಿದ ಮೇಲೆ ಗುರುತು ಹತ್ತಿತು. ಇವರು ಕಾಗದದಲ್ಲಿ ಸುತ್ತಿ ತಂದಿದ್ದ ಹಳೆಯ ಸೀಲನ್ನು ಅವರ ಅಂಗೈಯಲ್ಲಿಟ್ಟರು. ಮೇಸ್ತ್ರಿ ಅದರ ತುಟಿಯನ್ನು ಹೆಬ್ಬೆರಳಿನಿಂದ ಒಂದು ಸುತ್ತು ಸವರಿದರು.

“ದಂಡದಲ್ಲಿ ಗೀರು ಬಿದ್ದಿತ್ತಾ ಸ್ವಾಮಿ?”

“ಬಿದ್ದಿತ್ತು.”

“ಹೊಸದನ್ನು ಹಳೇ ಜಾಗಕ್ಕೇ ಕೂರಿಸಬೇಡಿ. ಕೂದಲೆಳೆಯಷ್ಟು ಸರಿಸಿ, ತುಟಿ ನುಣುಪಾದ ಕಡೆ ಕೂತುಕೊಳ್ಳೋ ಹಾಗೆ. ಇಲ್ಲದಿದ್ದರೆ ಮತ್ತೆ ಕುಡಿಯುತ್ತೆ.”

ಆ ಮಾತು ಮುಗಿದ ಮೇಲೆ ಇವರು, “ಅಂದು ನಾಲ್ಕು ಜನರ ಮುಂದೆ ನಿಮ್ಮನ್ನು ಕಳ್ಳ ಎಂದ ಹಾಗೆ ಮಾತನಾಡಿದೆ. ತಪ್ಪು ನನ್ನದು. ಕ್ಷಮಿಸಬೇಕು” ಎಂದರು.

ಮೇಸ್ತ್ರಿ ತಡೆದು ಹೇಳಿದರು: “ನನಗೂ ಕೋಪ ಬಂತು. ಇಲ್ಲದಿದ್ದರೆ ಪ್ಲಗ್ಗನ್ನಾದರೂ ಬಿಚ್ಚಿ ಎಣ್ಣೆಪಸೆ ತೋರಿಸುತ್ತಿದ್ದೆ. ಅದು ಹೋಗಲಿ. ಆಮೇಲೆ ನಿಮ್ಮ ಕಚೇರಿಯವರು ಯಾರೂ ಬರಲಿಲ್ಲ. ಯಾಕೆ ಅಂತ ನಾನು ಯಾರನ್ನೂ ಕೇಳಲಿಲ್ಲ.”

ಆ ಕಚೇರಿಯಿಂದ ಹತ್ತು ಹನ್ನೆರಡು ವಾಹನಗಳು ಅವರಲ್ಲಿಗೆ ಬರುತ್ತಿದ್ದವು. ಬಾಯಿಮಾತಿನ ಹೊರತು ಬೇರೆ ಯಾವ ಫಲಕವೂ ಇಲ್ಲದ ಸಣ್ಣ ಅಂಗಡಿಗೆ ಅದೇನು ಕಡಿಮೆಯ ಆಸರೆಯಲ್ಲ. ಲೆಕ್ಕಪರಿಶೋಧಕರ ಮಾತೆಂದರೆ ಸಹೋದ್ಯೋಗಿಗಳು ಪ್ರಮಾಣವಾಗಿ ಸ್ವೀಕರಿಸುತ್ತಿದ್ದರು. ಅವರ ಪ್ರಾಮಾಣಿಕತೆಯ ಖ್ಯಾತಿಯೇ ಇನ್ನೊಬ್ಬ ಪ್ರಾಮಾಣಿಕನ ಅನ್ನಕ್ಕೆ ಕಲ್ಲು ಹಾಕಿತ್ತು.

ಹೊಸ ಬೇರಿಂಗುಗಳೊಡನೆ ಹೊಸ ಸೀಲನ್ನು ಮೇಸ್ತ್ರಿ ಹೇಳಿದ ರೀತಿಯಲ್ಲಿಯೇ ಕೂರಿಸಲಾಯಿತು. ಎರಡು ತಿಂಗಳು ಓಡಿಸಿ ಇಳಿಸಿದಾಗ ಎಣ್ಣೆ ತುಂಬಿದಷ್ಟೇ ಇತ್ತು. ಆ ವಾಹನದಲ್ಲಿ ಮೇಸ್ತ್ರಿಯ ಮನೆಗೆ ಹೋಗಿ ಎಂಜಿನ್ನಿನ ಸದ್ದನ್ನು ಕೇಳಿಸಿ ಬಂದರು. ಬಳಿಕ ನಿವೃತ್ತ ನೌಕರರು ಕೂಡಿದ ದಿನ ಎದ್ದು ನಿಂತು, 1993ರಲ್ಲಿ ತಾವು ಹೇಳಿದ್ದು ಸುಳ್ಳೆಂದೂ ಮೇಸ್ತ್ರಿ ನಿರಪರಾಧಿಯೆಂದೂ ತಿಳಿಸಿದರು. ಕೆಲವರಿಗೆ ಆ ಪ್ರಸಂಗವೇ ಮರೆತುಹೋಗಿತ್ತು. ಅಂದು ಕೇಳಿದವರಲ್ಲಿ ಮೂವರು ಆ ವೇಳೆಗೆ ತೀರಿಕೊಂಡಿದ್ದರು. ಅವರ ಮನಸ್ಸಿನಲ್ಲಿ ಮೇಸ್ತ್ರಿ ಕೊನೆಯವರೆಗೂ ಕಳ್ಳನಾಗಿಯೇ ಉಳಿದರು.

ಸವೆದ ಸೀಲನ್ನು ಬದಲಿಸಬಹುದು. ಆಡಿಹೋದ ಮಾತನ್ನು ಅದು ತಲುಪಿದ ಎಲ್ಲ ಕಡೆಗಳಿಂದ ಮರಳಿ ತರುವುದು ಸಾಧ್ಯವಿಲ್ಲ. ಒಬ್ಬರ ಮೇಲೆ ದೋಷವನ್ನು ಹೊರಿಸುವ ಮೊದಲು ಅವರ ಉತ್ತರವನ್ನು ಒಮ್ಮೆ ಬಿಚ್ಚಿ ನೋಡುವಷ್ಟು ತಾಳ್ಮೆಯಾದರೂ ಮನುಷ್ಯನಲ್ಲಿರಬೇಕು. ಆ ಹಳೆಯ ಸೀಲು ಈಗ ಲೆಕ್ಕಪರಿಶೋಧಕರ ಮೇಜಿನ ಮೇಲಿದೆ. ಯಾರ ಬಗೆಗಾದರೂ ದೂರಿನ ಮಾತು ಮನೆಗೆ ಬಂದಾಗ ಅವರು ಒಮ್ಮೆ ಅದನ್ನು ಕೈಗೆತ್ತಿಕೊಂಡು, ಬಳಿಕ ಕೇಳುತ್ತಾರೆ: “ಅವರು ಏನು ಹೇಳಿದರು?”