ತಾವೇ ಕಟ್ಟಿದ ಬ್ಯಾಂಕನ್ನು ಬಿಟ್ಟುಕೊಟ್ಟವರು

ಬ್ಯಾಂಕ್ ಎಂದರೆ ನಮ್ಮ ಕಾಮರ್ಸ್ ತರಗತಿಯವರಿಗೆ ಡೆಪಾಸಿಟ್, ವಿತ್‌ಡ್ರಾವಲ್, ಪಾಸ್‌ಬುಕ್. ಹಣದ ಬದಲು ಆಹಾರವನ್ನು ಡೆಪಾಸಿಟ್ ಮಾಡುವ ಬ್ಯಾಂಕ್ ಕೂಡ ಇದೆ ಎಂದು ನನಗೆ ಗೊತ್ತಾದದ್ದು ಈ ವರ್ಷ ಪ್ರಾಜೆಕ್ಟ್‌ಗಾಗಿ ಓದುವಾಗ. ಅಂಥ ಮೊದಲ ಫುಡ್ ಬ್ಯಾಂಕ್ ಆರಂಭವಾದದ್ದು 1967ರಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಕಟ್ಟಿದವರು ಜಾನ್ ವ್ಯಾನ್ ಹೆಂಗಲ್.

ಅವರು ಅಲ್ಲಿ ಬಡವರಿಗೆ ಊಟ ಹಾಕುವ ಅಡುಗೆಮನೆಯೊಂದರಲ್ಲಿ ಸೇವೆ ಮಾಡುತ್ತಿದ್ದರು. ಹತ್ತು ಮಕ್ಕಳ ತಾಯಿಯೊಬ್ಬರು, ಗಂಡ ಜೈಲಿನಲ್ಲಿ, ಅಂಗಡಿಗಳ ಹಿಂದೆ ಬಿಸಾಡಿದ್ದನ್ನು ಆರಿಸಿ ತಂದು ಮಕ್ಕಳನ್ನು ಸಾಕುತ್ತಿದ್ದರು. ಹಣಕ್ಕೆ ಬ್ಯಾಂಕ್ ಇರುವ ಹಾಗೆ ಆಹಾರಕ್ಕೂ ಒಂದು ಇರಬೇಕು ಎಂಬ ಮಾತು ಬಂದದ್ದು ಆ ತಾಯಿಯಿಂದಲೇ. ನಾನು ಓದಿದ ಯಾವುದರಲ್ಲೂ ಅವರ ಹೆಸರಿಲ್ಲ, ಅದೊಂದು ಬೇಜಾರು. ಸೇಂಟ್ ಮೇರೀಸ್ ಚರ್ಚು 3,000 ಡಾಲರ್ ಮತ್ತು ಖಾಲಿ ಬಿದ್ದಿದ್ದ ಒಂದು ಕಟ್ಟಡ ಕೊಟ್ಟಿತು. ಮೊದಲ ವರ್ಷವೇ ಒಂದು ಲಕ್ಷ ಕಿಲೋಗೂ ಹೆಚ್ಚು ಆಹಾರ ಹಂಚಿಕೆಯಾಯಿತು.

ನಮ್ಮದು ಕಿರಾಣಿ ಅಂಗಡಿ. ಆದ್ದರಿಂದ ಇದು ನನಗೆ ಬೇಗ ಅರ್ಥವಾಯಿತು. ಕವರ್ ಹರಿದ ಬಿಸ್ಕತ್ತು, ನೆಗ್ಗಿದ ಡಬ್ಬ, ಇಂಥವನ್ನು ಅಬ್ಬಾ 'ಡ್ಯಾಮೇಜ್' ಎಂದು ಬೇರೆ ರಟ್ಟಿನ ಪೆಟ್ಟಿಗೆಗೆ ಹಾಕುತ್ತಾರೆ. ಮಾರಲು ಬಾರದ್ದೆಲ್ಲ ತಿನ್ನಲು ಬಾರದ್ದಲ್ಲ. ಪ್ರತಿ ಕಾಳಿನ ಮೇಲೂ ತಿನ್ನುವವರ ಹೆಸರು ಬರೆದಿರುತ್ತದೆ ಎಂದು ನಮ್ಮ ದಾದಿ ಹೇಳುತ್ತಾರೆ. ಹೆಸರು ಬರೆದಿದ್ದರೂ ವಿಳಾಸ ಹುಡುಕಿ ತಲುಪಿಸುವವರು ಬೇಕಲ್ಲ! ವ್ಯಾನ್ ಹೆಂಗಲ್ ಮಾಡಿದ್ದು ಆ ಕೆಲಸ.

ಆದರೆ ನಾನು ಬರೆಯಲು ಕುಳಿತದ್ದು ಅವರು ಕಟ್ಟಿದ್ದಕ್ಕಲ್ಲ, ಬಿಟ್ಟದ್ದಕ್ಕೆ. ಸುಮಾರು ಹತ್ತು ವರ್ಷ ನಡೆಸಿದ ಮೇಲೆ ಅವರು ಆ ಬ್ಯಾಂಕನ್ನು ಬೇರೆಯವರಿಗೆ ಒಪ್ಪಿಸಿ 'ಸೆಕೆಂಡ್ ಹಾರ್ವೆಸ್ಟ್' ಎಂಬ ಹೊಸ ಸಂಸ್ಥೆಯ ಹೊಣೆ ಹೊತ್ತರು. ಇಂಥ ಬ್ಯಾಂಕ್ ನಡೆಸುವುದು ಹೇಗೆಂದು ಬೇರೆ ಊರಿನವರಿಗೆ ಕಲಿಸುವುದು ಅದರ ಕೆಲಸ. 1976ರಲ್ಲಿ ತೆರಿಗೆ ಕಾನೂನು ಬದಲಾಗಿ, ಸರಕು ದಾನ ಮಾಡುವ ಕಂಪನಿಗಳಿಗೆ ಹೆಚ್ಚಿನ ರಿಯಾಯಿತಿ ಸಿಕ್ಕಿತು. ಬಿಸಾಡುವುದಕ್ಕಿಂತ ಕೊಡುವುದೇ ಲಾಭವಾಯಿತು. 1977ರ ಹೊತ್ತಿಗೆ 18 ನಗರಗಳಲ್ಲಿ ಫುಡ್ ಬ್ಯಾಂಕ್‌ಗಳಿದ್ದವು. ಮುಂದೆ ಅವರು ಆ ಸಂಸ್ಥೆಯನ್ನೂ ಬಿಟ್ಟು ಬೇರೆ ದೇಶಗಳ ಕಡೆ ನಡೆದರು. 2005ರಲ್ಲಿ ತೀರಿಕೊಂಡರು. ಸೆಕೆಂಡ್ ಹಾರ್ವೆಸ್ಟ್ 2008ರಿಂದ 'ಫೀಡಿಂಗ್ ಅಮೆರಿಕ' ಆಗಿದೆ. ಅದರ ಜೊತೆ ಈಗ ಸುಮಾರು 200 ಫುಡ್ ಬ್ಯಾಂಕ್‌ಗಳಿವೆ.

ಕಟ್ಟಿದವರನ್ನು ಎಲ್ಲರೂ ಹೊಗಳುತ್ತಾರೆ. ಬಿಟ್ಟುಕೊಡುವುದು ಅದಕ್ಕಿಂತ ಕಷ್ಟ ಎಂದು ನನ್ನ ಅಭಿಪ್ರಾಯ. ಎರಡು ವರ್ಷದಿಂದ ನಮ್ಮ ಅಂಗಡಿಯ ಉದ್ರಿ ಪುಸ್ತಕ ನನ್ನ ಕೈಯಲ್ಲಿದೆ. ಯಾರು ಒಂದನೇ ತಾರೀಖಿಗೆ ಕೊಡುತ್ತಾರೆ, ಯಾರನ್ನು ಕೇಳಲೇಬಾರದು, ಎಲ್ಲ ನನಗೆ ಬಾಯಿಪಾಠ. ಪಿಯುಸಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಬಿ.ಕಾಂ. ಜೊತೆಗೆ ಸಿಎ ಓದಬೇಕೆಂಬ ಆಸೆ. ಅಮ್ಮಿ ಹೋಗು ಎನ್ನುತ್ತಾರೆ. ಅಬ್ಬಾ ಮಾತ್ರ, "ದುಕಾನ್ ಕಾ ಹಿಸಾಬ್ ಕೌನ್ ದೇಖ್ತಾ ಬೇಟಾ?" ಎಂದರು. ಅಂಗಡಿಯ ಲೆಕ್ಕ ಯಾರು ನೋಡುತ್ತಾರೆ? ಅದು ಬೈಗುಳವಲ್ಲ, ನಿಜವಾದ ಪ್ರಶ್ನೆ.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಬ್ಬಾಗೆ ವ್ಯಾನ್ ಹೆಂಗಲ್ ಕಥೆ ಹೇಳಿದೆ. ತೆರಿಗೆಯ ವಿಷಯ ಎರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ, "ಅವರು ಹೋದ ಮೇಲೆ ಆ ಮೊದಲನೇ ಬ್ಯಾಂಕ್ ಏನಾಯ್ತು?" ಎಂದರು. "ಇನ್ನೂ ನಡೀತಿದೆ ಅಬ್ಬಾ, ಅದೇ ಊರಲ್ಲಿ" ಎಂದೆ. ಅವರು ಏನೂ ಹೇಳಲಿಲ್ಲ. ಮರುದಿನ ಸಂಜೆ ಒಂಬತ್ತನೇ ತರಗತಿಯ ನನ್ನ ತಮ್ಮನನ್ನು ಕರೆದು ಗಲ್ಲಾದ ಪಕ್ಕ ಕೂರಿಸಿಕೊಂಡರು.

ಈಗ ಪುಸ್ತಕದಲ್ಲಿ ಅರ್ಧ ಅವನ ಅಕ್ಷರ. ಹೆಸರಿನ ಬದಲು 'ಮೂಲೆಮನೆ ಖಾಲಾ' ಎಂದು ಬರೆಯುತ್ತಾನೆ, ಪರವಾಗಿಲ್ಲ. ಆದರೆ ಮೊನ್ನೆ ತಾರೀಖು ಹಾಕಿರಲಿಲ್ಲ, ಇಡೀ ಪುಟ ಮತ್ತೆ ಬರೆಸಿದೆ.